ನೀರಿನೊಳಗಿನ ಗುಳ್ಳೆಯಿಂದ ಕೆಲಸಕ್ಕೆ ಬರುವ ಸದ್ದು: ಸ್ವರವನ್ನು ನಂಬಬೇಕೋ, ಜೋರನ್ನೋ?

ಅಲೆಗಾರ:

ನೀರಿನೊಳಗೆ ಮೈಕ್ ಇಳಿಸಿದವರಿಗೆಲ್ಲ ಗುಳ್ಳೆ ಅಂದರೆ ತಲೆನೋವು. ರೆಕಾರ್ಡಿಂಗ್ ಹಾಳಾಯಿತು, ಫಿಲ್ಟರ್ ಹಾಕಿ ತೆಗೆಯಬೇಕು ಅಂತಲೇ ಮಾತು. ನಾನು ಕೇಳುತ್ತಿರುವುದು ಇದರ ಉಲ್ಟಾ. ಗುಳ್ಳೆಯನ್ನೇ ಸದ್ದಿನ ಮೂಲವಾಗಿ ಇಟ್ಟುಕೊಂಡು, ಅದರಿಂದ ಅಳತೆಗೆ ಒದಗುವ ಸಿಗ್ನಲ್ ತೆಗೆಯಬಹುದಾ?

ಶುರು ಮಾಡೋಕೆ ಒಂದು ಸೂತ್ರ ಹೇಳಿಬಿಡುತ್ತೇನೆ. 1933ರಲ್ಲಿ ಮಾರ್ಸೆಲ್ ಮಿನ್ನಾರ್ಟ್ ಎಂಬ ಖಗೋಳ ವಿಜ್ಞಾನಿ, ಹೌದು, ಸೂರ್ಯನ ಬೆಳಕು ಓದುತ್ತಿದ್ದವರು, ನೀರಿನ ಗುಳ್ಳೆ ಯಾವ ಸ್ವರದಲ್ಲಿ ಮಿಡಿಯುತ್ತದೆ ಅಂತ ಲೆಕ್ಕ ಹಾಕಿದರು. ಒಳಗಿನ ಗಾಳಿ ಸ್ಪ್ರಿಂಗ್. ಸುತ್ತಲಿನ ನೀರು ಆ ಸ್ಪ್ರಿಂಗಿಗೆ ಕಟ್ಟಿದ ಭಾರ. ಮಾಮೂಲಿ ಗಾಳಿಯ ಒತ್ತಡದಲ್ಲಿ, ಮೀಟರಿನಲ್ಲಿ ಅಳೆದ ತ್ರಿಜ್ಯವನ್ನು ಹರ್ಟ್ಸ್‌ನಲ್ಲಿರುವ ಆವರ್ತನದಿಂದ ಗುಣಿಸಿದರೆ ಯಾವಾಗಲೂ 3.26ರ ಹತ್ತಿರ ಬರುತ್ತದೆ. ಅಂದರೆ 1 ಮಿ.ಮೀ. ತ್ರಿಜ್ಯದ ಗುಳ್ಳೆ 3260 ಹರ್ಟ್ಸ್, 1 ಸೆಂ.ಮೀ. ತ್ರಿಜ್ಯದ್ದು 326 ಹರ್ಟ್ಸ್.

ನನ್ನನ್ನು ಹಿಡಿದು ನಿಲ್ಲಿಸಿದ್ದು ಇದು: 3260 ಹರ್ಟ್ಸ್ ಸದ್ದಿನ ಅಲೆಯುದ್ದ ನೀರಿನಲ್ಲಿ ಸುಮಾರು 45 ಸೆಂ.ಮೀ. ಅದನ್ನು ಹೊರಡಿಸುತ್ತಿರುವ ಗುಳ್ಳೆಯ ತ್ರಿಜ್ಯ ಅದರ 450ರಲ್ಲಿ ಒಂದು ಪಾಲು. ಇಷ್ಟು ಸಣ್ಣ ವಸ್ತು ಇಷ್ಟು ತಗ್ಗು ಸ್ವರ ಹೊರಡಿಸುವುದು ಗಟ್ಟಿ ವಸ್ತುವಿನಿಂದ ಆಗುವ ಕೆಲಸವೇ ಅಲ್ಲ. ಹೀಗಿರುವಾಗ ನಾವು ಇದನ್ನು ಬರೀ ಗದ್ದಲ ಅಂತ ಬದಿಗೆ ಸರಿಸುತ್ತಿರುವುದು ಯಾಕೆ?

ಸರ್ಕ್ಯೂಟ್_ಸಂತೆ:

ಒಂದು ಸಂಶಯ. ಗುಳ್ಳೆ ತನ್ನಷ್ಟಕ್ಕೆ ಮೇಲೆ ಹೋಗುವಾಗ ಏನೂ ಕೇಳಿಸುವುದಿಲ್ಲ. ಮೇಲೆ ಬಂದು ಒಡೆಯುವಾಗಲೂ ನೀರೊಳಗೆ ಅಂಥ ಸ್ವರ ಸಿಗಲ್ಲ. ಹಾಗಾದರೆ ಅದನ್ನು ಮೀಟುವವರು ಯಾರು?

ನೀರ್ಗಿವಿ:

ಒಳ್ಳೆ ಪ್ರಶ್ನೆ. ಸದ್ದು ಹುಟ್ಟುವುದು ಗುಳ್ಳೆ ಹುಟ್ಟುವಾಗ. ಸೂಜಿಯ ತುದಿಯಲ್ಲಿ ಗುಳ್ಳೆ ಊದಿಕೊಳ್ಳುತ್ತದೆ, ಕುತ್ತಿಗೆ ಸಣ್ಣದಾಗುತ್ತದೆ, ಪಟ್ಟನೆ ಕಡಿಯುತ್ತದೆ. ಕಡಿದ ಕ್ಷಣದಲ್ಲಿ ಆ ಕುತ್ತಿಗೆಯ ಚೂಪು ತುದಿ ಒಳಕ್ಕೆ ನುಗ್ಗುತ್ತದೆ, ಗಾಳಿ ಸ್ವಲ್ಪ ಅದುಮಿಕೊಳ್ಳುತ್ತದೆ. ಅದೇ ಮೀಟು. ಆಮೇಲೆ ಗುಳ್ಳೆ ಉಬ್ಬಿ ಕುಗ್ಗಿ ಉಬ್ಬಿ ಕುಗ್ಗಿ ಕೆಲವು ಮಿಲಿಸೆಕೆಂಡಿನಲ್ಲಿ ಸುಮ್ಮನಾಗುತ್ತದೆ. ಮೇಲೇರುವ ದಾರಿಯಲ್ಲಿ ಅದು ಅಲ್ಲಾಡುತ್ತಾ ಹೋಗುತ್ತದೆ ನಿಜ, ಆದರೆ ಆಕಾರ ಬದಲಾಗುತ್ತದೆಯೇ ಹೊರತು ಒಟ್ಟು ಗಾತ್ರ ಬದಲಾಗುವುದಿಲ್ಲ. ಗಾತ್ರ ಬದಲಾಗದಿದ್ದರೆ ದೂರಕ್ಕೆ ಸದ್ದು ಹೋಗುವುದಿಲ್ಲ. 1950ರ ದಶಕದಲ್ಲಿ ಸ್ಟ್ರಾಸ್‌ಬರ್ಗ್ ಎಂಬ ಸಂಶೋಧಕರು ಇದನ್ನು ಚೆನ್ನಾಗಿ ಬಿಡಿಸಿ ಹೇಳಿದ್ದಾರೆ.

ನಲ್ಲಿ ತೊಟ್ಟಿಕ್ಕುವ ಸದ್ದೂ ಇದೇ ಜಾತಿ. 2018ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದವರು ಹೈಸ್ಪೀಡ್ ಕ್ಯಾಮೆರಾ, ಮೈಕ್, ಹೈಡ್ರೋಫೋನ್ (ನೀರೊಳಗಿನ ಮೈಕ್) ಮೂರನ್ನೂ ಒಟ್ಟಿಗೆ ಇಟ್ಟು ನೋಡಿದರು. ಹನಿ ನೀರಿಗೆ ಬಡಿಯುವ ಹೊತ್ತಿಗೆ ಸದ್ದು ಇಲ್ಲವೇ ಇಲ್ಲ ಅನ್ನುವಷ್ಟು ಕಮ್ಮಿ. ಹನಿ ಕೊರೆದ ಗುಳಿಯ ತಳದಲ್ಲಿ ಒಂದು ಪುಟ್ಟ ಗಾಳಿಗುಳ್ಳೆ ಸಿಕ್ಕಿಬಿದ್ದಾಗ ಆ 'ಟಣ್' ಬರುತ್ತದೆ. ಪಾತ್ರೆ ತೊಳೆಯುವ ಸೋಪು ಸ್ವಲ್ಪ ಹಾಕಿದರೆ ಆ ಸದ್ದೇ ನಿಂತುಹೋಗುತ್ತದೆ.

ಅಲೆಗಾರ:

ಅಂದರೆ ಗುಳ್ಳೆ ಹುಟ್ಟಿದ ಸಮಯ ಸದ್ದಿನಲ್ಲೇ ಗುರುತಾಗಿರುತ್ತದೆ, ಗಾತ್ರವೂ ಸದ್ದಿನಲ್ಲೇ ಇರುತ್ತದೆ. ಹಾಗಾದರೆ ಒಂದೊಂದು ಗುಳ್ಳೆಯನ್ನೂ ಎಣಿಸಿ ಎಷ್ಟು ಗ್ಯಾಸ್ ಹೋಯಿತು ಅಂತ ಹೇಳಬಹುದು ಅಲ್ವಾ? ಲೆಕ್ಕ ಹಾಕಿ ನೋಡಿದೆ. 1000 ಹರ್ಟ್ಸ್ ಕೇಳಿಸಿದರೆ ತ್ರಿಜ್ಯ 3.26 ಮಿ.ಮೀ., ಗಾತ್ರ ಸುಮಾರು 0.145 ಘನ ಸೆಂ.ಮೀ. ಸೆಕೆಂಡಿಗೆ ಇಂಥವು 10 ಬಂದರೆ ನಿಮಿಷಕ್ಕೆ 87 ಘನ ಸೆಂ.ಮೀ. ಗ್ಯಾಸ್. ಮೀಟರ್ ಬೇಡ, ಪೈಪು ಮುಟ್ಟುವುದೂ ಬೇಡ.

ನೀರ್ಗಿವಿ:

ಬೇಡ ಹೌದು, ಆದರೆ ಗಾತ್ರ ತ್ರಿಜ್ಯದ ಘನದ ಜೊತೆ ಏರುತ್ತದೆ ಅನ್ನುವುದು ತಲೆಯಲ್ಲಿ ಇರಲಿ. ಸ್ವರ ಓದುವುದರಲ್ಲಿ ನೂರಕ್ಕೆ 5 ತಪ್ಪಿದರೆ ಗಾತ್ರದಲ್ಲಿ ನೂರಕ್ಕೆ 15 ತಪ್ಪುತ್ತದೆ. ಹಾಗಾಗಿ ಸ್ವರವನ್ನು ಹೇಗೆ ಓದುತ್ತೀರಿ ಅನ್ನುವುದೇ ಇಲ್ಲಿ ಅಸಲು ಕೆಲಸ.

ಮಾಡಿ ನೋಡಬೇಕು ಅನ್ನುವವರಿಗೆ ನನ್ನ ಜೋಡಣೆ ಹೇಳುತ್ತೇನೆ. ತುದಿ ಚಪ್ಪಟೆ ಇರುವ ಸೂಜಿ, ಒಳವ್ಯಾಸ ಅರ್ಧ ಮಿ.ಮೀ. ಅದನ್ನು ತಲೆ ಮೇಲಾಗಿ ನಿಲ್ಲಿಸಿ, ಗಾಳಿಯನ್ನು ತೀರಾ ನಿಧಾನವಾಗಿ ಬಿಡಬೇಕು, ಒಂದು ಗುಳ್ಳೆ ಹೋದ ಮೇಲೆಯೇ ಇನ್ನೊಂದು. ನಿಧಾನವಾಗಿ ಬಿಟ್ಟಾಗ ಗುಳ್ಳೆಯ ಗಾತ್ರವನ್ನು ತೀರ್ಮಾನಿಸುವುದು ಎರಡೇ: ಮೇಲಕ್ಕೆ ಎಳೆಯುವ ತೇಲುಬಲ, ಸೂಜಿಯ ಅಂಚಿಗೆ ಹಿಡಿದಿಡುವ ಮೇಲ್ಮೈ ಎಳೆತ. ಈ ಸೂಜಿಗೆ ತ್ರಿಜ್ಯ 1.4 ಮಿ.ಮೀ. ಹತ್ತಿರ, ಸ್ವರ 2.3 ಕಿಲೋಹರ್ಟ್ಸ್ ಹತ್ತಿರ. ಬೇರೆ ಸ್ವರ ಬೇಕು ಅಂತ ಸೂಜಿ ಬದಲಿಸುವವರು ಗಮನಿಸಿ, ಗುಳ್ಳೆಯ ತ್ರಿಜ್ಯ ಸೂಜಿಯ ತ್ರಿಜ್ಯದ ಘನಮೂಲದಂತೆ ಮಾತ್ರ ಬದಲಾಗುತ್ತದೆ, ಸ್ವರ ಅರ್ಧಕ್ಕೆ ಇಳಿಯಬೇಕಾದರೆ ಸೂಜಿ 8 ಪಟ್ಟು ದಪ್ಪ ಬೇಕು. ಅದಕ್ಕೇ ಸೂಜಿಯಿಂದ ಬರುವ ಸ್ವರ ಅಷ್ಟು ಸ್ಥಿರ. ಸೂಜಿಯ ಅಳತೆ ಚೂರು ಆಚೀಚೆ ಆದರೂ ಸ್ವರ ಹೆಚ್ಚು ಜಾರುವುದಿಲ್ಲ.

ಕೇಳಿಸಿಕೊಳ್ಳೋಕೆ ಬಝರ್‌ನಲ್ಲಿ ಬರುವ ಪೀಝೋ ಬಿಲ್ಲೆ (ಅದುಮಿದರೆ ವಿದ್ಯುತ್ ಕೊಡುವಂಥದ್ದು) ಸಾಕು. ತಂತಿ ಬೆಸುಗೆ ಹಾಕಿ, ಎಪಾಕ್ಸಿಯಲ್ಲಿ ಪೂರ್ತಿ ಮುಚ್ಚಿ. ನೇರ ಸೌಂಡ್‌ಕಾರ್ಡಿಗೆ ಚುಚ್ಚಬೇಡಿ, ಪೀಝೋಗೆ ಮೆಗಾ ಓಮ್ ಲೆಕ್ಕದ ಇನ್‌ಪುಟ್ ಬೇಕು, ಇಲ್ಲದಿದ್ದರೆ ತಗ್ಗು ಸ್ವರವೆಲ್ಲ ತಿಂದುಹೋಗುತ್ತದೆ. ಮಧ್ಯೆ ಒಂದು ಫೆಟ್ ಬಫರ್, ಅಂದರೆ ಸಿಗ್ನಲ್ ಕುಗ್ಗದಂತೆ ದಾಟಿಸುವ ಟ್ರಾನ್ಸಿಸ್ಟರ್ ಸರ್ಕ್ಯೂಟ್, ಹಾಕಿ.

ಸರ್ಕ್ಯೂಟ್_ಸಂತೆ:

ಬಫರ್ ಇದೆ, ಪೀಝೋ ಇದೆ. ಎಫ್‌ಎಫ್‌ಟಿ (ಸದ್ದಿನಲ್ಲಿ ಯಾವ ಸ್ವರ ಎಷ್ಟಿದೆ ಅಂತ ಬಿಡಿಸುವ ಲೆಕ್ಕ) ಹಾಕಿದರೆ ಗುಡ್ಡದ ಹಾಗೆ ಅಗಲವಾದ ಉಬ್ಬು ಬರುತ್ತದೆ, ಮೊನಚಾದ ಗೆರೆ ಬರುತ್ತಿಲ್ಲ. ವಿಂಡೋ, ಅಂದರೆ ಒಂದು ಸಲಕ್ಕೆ ಲೆಕ್ಕಕ್ಕೆ ತಗೊಳ್ಳುವ ಸದ್ದಿನ ತುಣುಕು, 100 ಮಿಲಿಸೆಕೆಂಡ್ ಇಟ್ಟಿದ್ದೇನೆ.

ನೀರ್ಗಿವಿ:

100 ತುಂಬಾ ಜಾಸ್ತಿ. 2.3 ಕಿಲೋಹರ್ಟ್ಸ್ ಗುಳ್ಳೆಯ ಸದ್ದು 10, ಹೆಚ್ಚೆಂದರೆ 15 ಮಿಲಿಸೆಕೆಂಡಿನಲ್ಲಿ ಮುಗಿಯಿತು. ಉಳಿದ 85 ನೀವು ಕೋಣೆಯ ಗದ್ದಲವನ್ನು ಸೇರಿಸುತ್ತಿದ್ದೀರಿ. ಹಾಗಂತ ವಿಂಡೋವನ್ನು 10ಕ್ಕೆ ಇಳಿಸಿದರೆ ಎಫ್‌ಎಫ್‌ಟಿಯ ಒಂದೊಂದು ಮೆಟ್ಟಿಲು 100 ಹರ್ಟ್ಸ್ ಅಗಲ ಆಗುತ್ತದೆ. 2300ರಲ್ಲಿ 100 ಅಂದರೆ ನೂರಕ್ಕೆ 4ಕ್ಕಿಂತ ಮೇಲೆ, ಗಾತ್ರದಲ್ಲಿ ನೂರಕ್ಕೆ 13. ಅದಕ್ಕೆ ಈ ಕೆಲಸಕ್ಕೆ ಎಫ್‌ಎಫ್‌ಟಿಯನ್ನು ಹುಡುಕೋಕೆ ಮಾತ್ರ ಇಟ್ಟುಕೊಳ್ಳಿ. ಅಳೆಯೋಕೆ, ಕುಗ್ಗುತ್ತಾ ಹೋಗುವ ಒಂದು ಸೈನ್ ಅಲೆಯನ್ನು ಆ ತುಣುಕಿನ ಮೇಲೆ ಕೂರಿಸಿ ನೋಡಿ. ಮೊದಲ ಒಂದೆರಡು ಆವರ್ತ ಬಿಟ್ಟುಬಿಡಿ, ಅಲ್ಲಿ ಕಡಿಯುವ ಗಲಾಟೆ ಇರುತ್ತದೆ.

ಉಬ್ಬು ಅಗಲ ಇರುವುದು ನಿಮ್ಮ ಉಪಕರಣದ ದೋಷವೂ ಅಲ್ಲ. ಗುಳ್ಳೆ ತನ್ನ ಶಕ್ತಿಯನ್ನು ಸದ್ದಾಗಿ ಹೊರಗೆ ಬಿಡುತ್ತದೆ, ಜೊತೆಗೆ ಅದುಮಿದಾಗ ಬಿಸಿಯಾದ ಗಾಳಿ ಆ ಬಿಸಿಯನ್ನು ನೀರಿಗೆ ಕೊಡುತ್ತದೆ. ಮಿ.ಮೀ. ಗಾತ್ರದಲ್ಲಿ ಈ ಬಿಸಿಯ ಸೋರಿಕೆಯೇ ದೊಡ್ಡ ಖರ್ಚು.

ತೊಟ್ಟಿಯಾಚೆ:

ನೀವೆಲ್ಲ ಗಾಜಿನ ತೊಟ್ಟಿಯಲ್ಲಿ ಮಾಡುತ್ತಿದ್ದೀರಿ ಅನ್ನಿಸುತ್ತದೆ. ಅಲ್ಲೊಂದು ದೊಡ್ಡ ತೊಡಕಿದೆ, ಹೇಳಲೇಬೇಕು. 60, 30, 30 ಸೆಂ.ಮೀ. ತೊಟ್ಟಿ ತಗೊಳ್ಳಿ. ತೆಳು ಗಾಜು ತಗ್ಗು ಸ್ವರಕ್ಕೆ ಗೋಡೆಯೇ ಅಲ್ಲ, ಹೆಚ್ಚುಕಮ್ಮಿ ಗಾಳಿಗೆ ತೆರೆದ ಮೇಲ್ಮೈ ಇದ್ದ ಹಾಗೆ. ಹಾಗೆ ಲೆಕ್ಕ ಹಾಕಿದರೆ ಈ ತೊಟ್ಟಿಯ ಮೊದಲ ಅನುರಣನವೇ (ತೊಟ್ಟಿಯ ನೀರು ತಾನಾಗಿ ಮಿಡಿಯುವ ಸ್ವರ) 3.7 ಕಿಲೋಹರ್ಟ್ಸ್ ಹತ್ತಿರ. ನಿಮ್ಮ ಗುಳ್ಳೆ 2.3ರಲ್ಲಿದೆ. ಅಂದರೆ ಅದರ ಸದ್ದು ತೊಟ್ಟಿಯಲ್ಲಿ ಅಲೆಯಾಗಿ ಹರಡುವುದೇ ಇಲ್ಲ, ಹುಟ್ಟಿದ ಜಾಗದ ಸುತ್ತಲೇ ಬೇಗ ಸತ್ತುಹೋಗುತ್ತದೆ. ಹೈಡ್ರೋಫೋನನ್ನು 5 ಸೆಂ.ಮೀ. ದೂರ ಇಟ್ಟಾಗಿನ ಜೋರು, 20 ಸೆಂ.ಮೀ. ಇಟ್ಟಾಗಿನ ಜೋರು, ಇವೆರಡನ್ನು ಹೋಲಿಸಿ 'ದೂರಕ್ಕೆ ತಕ್ಕ ಹಾಗೆ ಇಳಿಯಿತು' ಅಂತ ಲೆಕ್ಕ ಹಾಕಿದರೆ ಎಲ್ಲ ತಪ್ಪು.

ಅಲೆಗಾರ:

ಇದು ನನಗೆ ತುಂಬಾ ಬೇಕಾಗಿದ್ದ ಮಾತು. ಸ್ವರವೂ ಜಾರುತ್ತದಾ?

ತೊಟ್ಟಿಯಾಚೆ:

ಜಾರುತ್ತದೆ, ಆದರೆ ಜೋರಿನಷ್ಟು ಹುಚ್ಚಾಪಟ್ಟೆ ಅಲ್ಲ. ಗಟ್ಟಿ ಗೋಡೆಗೆ ತಾಗಿಕೊಂಡ ಗುಳ್ಳೆಗೆ ಸುತ್ತಲಿನ ನೀರಿನ ಭಾರ ಹೆಚ್ಚಿದಂತೆ ಆಗಿ ಸ್ವರ ನೂರಕ್ಕೆ 17ರಷ್ಟು ಇಳಿಯಬಹುದು. ನೀರಿನ ಮೇಲ್ಮೈಗೆ ತೀರಾ ಹತ್ತಿರ ಹೋದರೆ ಏರುತ್ತದೆ. ಗುಳ್ಳೆಯ ತ್ರಿಜ್ಯದ ಹಲವು ಪಟ್ಟು ದೂರ ಇಟ್ಟರೆ ಎರಡೂ ತೊಂದರೆ ತಗ್ಗುತ್ತವೆ. 30 ಸೆಂ.ಮೀ. ಆಳದಿಂದ ಆಗುವ ವ್ಯತ್ಯಾಸ ನೂರಕ್ಕೆ ಒಂದೂವರೆ, ಅದನ್ನು ಲೆಕ್ಕದಲ್ಲೇ ಸರಿಪಡಿಸಬಹುದು.

ಕೇಳಿಸಿದ್ದು ಗುಳ್ಳೆಯದೋ ತೊಟ್ಟಿಯದೋ ಅನ್ನುವುದಕ್ಕೆ ಸುಲಭದ ಪರೀಕ್ಷೆ ಇದೆ. ಸೂಜಿ ಬದಲಿಸಿ. ಸ್ವರ ಬದಲಾದರೆ ಗುಳ್ಳೆಯದು. ಅಲ್ಲಾಡದೆ ಕೂತಿದ್ದರೆ ತೊಟ್ಟಿಯದು. ಇನ್ನೊಂದು, ಗಾಳಿಯ ಬದಲು ಹೀಲಿಯಂ ಬಿಟ್ಟು ನೋಡಬಹುದು.

ಸರ್ಕ್ಯೂಟ್_ಸಂತೆ:

ಹೀಲಿಯಂ ಎಳೆದುಕೊಂಡು ಮಾತಾಡಿದರೆ ದನಿ ಕೀಚಲಾಗುತ್ತಲ್ಲ, ಗುಳ್ಳೆಯೂ ಹಾಗೆ ಕೀಚಲಾಗುತ್ತದಾ?

ತೊಟ್ಟಿಯಾಚೆ:

ಇಲ್ಲ, ಅಷ್ಟು ಆಗಲ್ಲ. ಗಂಟಲಲ್ಲಿ ಅಲೆ ಓಡುವುದು ಗ್ಯಾಸಿನ ಒಳಗೆ, ಅದಕ್ಕೆ ಗ್ಯಾಸಿನ ತೂಕ ಮುಖ್ಯ. ಗುಳ್ಳೆಯಲ್ಲಿ ಅಲ್ಲಾಡುವ ಭಾರ ನೀರಿನದು. ಗ್ಯಾಸಿನ ತೂಕ ಲೆಕ್ಕಕ್ಕೇ ಬರುವುದಿಲ್ಲ, ಅದರ ಬಿಗಿ ಮಾತ್ರ ಬರುತ್ತದೆ. ಅದೇ ಗಾತ್ರದ ಹೀಲಿಯಂ ಗುಳ್ಳೆ ನೂರಕ್ಕೆ 9ರಷ್ಟು ಮೇಲೆ ಹೋಗುತ್ತದೆ, ಅಷ್ಟೇ. ಕಾರ್ಬನ್ ಡೈಆಕ್ಸೈಡ್ ನೂರಕ್ಕೆ 4ರಷ್ಟು ಕೆಳಗೆ. ಆದರೆ ಅದು ನೀರಿನಲ್ಲಿ ಬೇಗ ಕರಗುತ್ತದೆ. ಹುಟ್ಟುವಾಗ ಹೇಳಿದ ಗಾತ್ರ ಮೇಲೆ ಮುಟ್ಟುವ ಹೊತ್ತಿಗೆ ಉಳಿದಿರಲ್ಲ.

ಕಡಲಗಾಳಿ:

ನಾನು ಭೂಕಂಪನ ಸರ್ವೇ ಕಡೆಯವನು, ಸದ್ದು ಕಳಿಸಿ ಪ್ರತಿಧ್ವನಿಯಿಂದ ಸಮುದ್ರತಳದ ಕೆಳಗಿನ ಬಂಡೆಯ ಪದರ ನೋಡುವ ಕೆಲಸ. ಗುಳ್ಳೆಯಿಂದ ಕೆಲಸಕ್ಕೆ ಬರುವ ಸಿಗ್ನಲ್ ಅಂದರೆ ನಮಗೆ ಮೊದಲು ನೆನಪಾಗುವುದು ಏರ್‌ಗನ್. ಸುಮಾರು 2000 ಪಿಎಸ್‌ಐ ಒತ್ತಡದ ಗಾಳಿಯನ್ನು ನೀರಿನ 5ರಿಂದ 10 ಮೀಟರ್ ಕೆಳಗೆ ಒಂದೇಟಿಗೆ ಬಿಡುತ್ತಾರೆ. ಮೊದಲ ಏಟು ನಮಗೆ ಬೇಕಾದ ಸಿಗ್ನಲ್. ಕಷ್ಟ ಆಮೇಲೆ. ಗುಳ್ಳೆ ಉಬ್ಬುತ್ತದೆ, ಉಬ್ಬುವ ರಭಸಕ್ಕೆ ಒಳಗಿನ ಒತ್ತಡ ಸುತ್ತಲಿನ ನೀರಿಗಿಂತ ಕಮ್ಮಿಯಾಗುವಷ್ಟು ಉಬ್ಬುತ್ತದೆ, ನೀರು ತಿರುಗಿ ಅದುಮುತ್ತದೆ, ಮತ್ತೆ ಏಟು. ಸಮುದ್ರತಳದಿಂದ ಬಂದ ಪ್ರತಿಧ್ವನಿಯಲ್ಲಿ ಈ ಎರಡನೇ ಮೂರನೇ ಏಟುಗಳು ಇಲ್ಲದ ಪದರಗಳ ಹಾಗೆ ಕಾಣಿಸುತ್ತವೆ.

ಅದಕ್ಕೆ ಎರಡು ಉಪಾಯ ಬಳಕೆಯಲ್ಲಿವೆ. ಬೇರೆ ಬೇರೆ ಗಾತ್ರದ ಗನ್‌ಗಳನ್ನು ಒಟ್ಟಿಗೆ ಹೊಡೆದರೆ ಮೊದಲ ಏಟು ಒಂದೇ ಸಮಯಕ್ಕೆ ಕೂಡುತ್ತದೆ, ಎರಡನೇ ಏಟುಗಳು ಬೇರೆ ಬೇರೆ ಸಮಯಕ್ಕೆ ಬಿದ್ದು ಒಂದನ್ನೊಂದು ಅಳಿಸುತ್ತವೆ. ಇನ್ನೊಂದು ಜಿಐ ಗನ್: ಗುಳ್ಳೆ ಪೂರ್ತಿ ಉಬ್ಬಿದ ಹೊತ್ತಿಗೆ ಸರಿಯಾಗಿ ಒಳಗೆ ಮತ್ತೆ ಗಾಳಿ ತುಂಬುವುದು, ಆಗ ಅದು ರಭಸದಿಂದ ಕುಸಿಯುವುದಿಲ್ಲ.

ಇಲ್ಲಿಯೂ ಸ್ವರದ ಮಾತೇ. ಗನ್ ಎಷ್ಟು ಆಳದಲ್ಲಿದೆ ಅನ್ನುವುದನ್ನು ಏಟಿನಿಂದ ಏಟಿಗೆ ಇರುವ ಸಮಯವೇ ಹೇಳುತ್ತದೆ. ಒತ್ತಡದ ಆರನೇ ಐದರ ಘಾತಕ್ಕೆ ತಲೆಕೆಳಗಾಗಿ ಆ ಸಮಯ ಬದಲಾಗುತ್ತದೆ. 5 ಮೀಟರಿನಿಂದ 10ಕ್ಕೆ ಇಳಿಸಿದರೆ ನೂರಕ್ಕೆ 21ರಷ್ಟು ಕಮ್ಮಿ.

ಅಲೆಗಾರ:

ಈ ಆರನೇ ಐದು ಎಲ್ಲಿಂದ ಬಂತು ಅಂತ ಕೂತು ನೋಡಿದೆ. ಮಿನ್ನಾರ್ಟ್ ಸೂತ್ರದಲ್ಲಿ ತ್ರಿಜ್ಯ ಹಾಗೇ ಇದ್ದರೆ ಸ್ವರ ಒತ್ತಡದ ವರ್ಗಮೂಲದಂತೆ ಏರುತ್ತದೆ, ಅಂದರೆ ಎರಡನೇ ಒಂದು. ಆದರೆ ಅಷ್ಟೇ ಗಾಳಿ ಆಳಕ್ಕೆ ಹೋದರೆ ಗುಳ್ಳೆಯೂ ಕುಗ್ಗುತ್ತದೆ, ತ್ರಿಜ್ಯ ಮೂರನೇ ಒಂದರ ಘಾತದಂತೆ ಇಳಿಯುತ್ತದೆ. ಎರಡನೇ ಒಂದು, ಮೂರನೇ ಒಂದು, ಕೂಡಿದರೆ ಆರನೇ ಐದು! ಒಳಗಿನ ಗಾಳಿಯ ಪ್ರಮಾಣ ಬದಲಾಗದ ಪುಟ್ಟ ಗುಳ್ಳೆಗೂ ಏರ್‌ಗನ್ ಗುಳ್ಳೆಗೂ ಅದೇ ಘಾತ. ಎಷ್ಟು ಚೆಂದ ಇದು. 10 ಮೀಟರ್ ಆಳದಲ್ಲಿ ಒತ್ತಡ ಎರಡು ಪಟ್ಟು, ಹಾಗಾಗಿ ಮೃದುವಾದ ರಬ್ಬರ್ ಚೀಲದಲ್ಲಿ ಮುಚ್ಚಿದ ಗಾಳಿ ಮೇಲೆ 100 ಹರ್ಟ್ಸ್ ಇದ್ದರೆ ಅಲ್ಲಿ 178 ಹರ್ಟ್ಸ್.

ಇದನ್ನು ಹೇಳಿದ್ದು ಯಾಕೆಂದರೆ, 100 ಹರ್ಟ್ಸ್ ಬೇಕು ಅಂದರೆ 3.3 ಸೆಂ.ಮೀ. ತ್ರಿಜ್ಯದ ಗುಳ್ಳೆ ಸಾಕು, ಅಂಗೈಯಲ್ಲಿ ಹಿಡಿಸುವಷ್ಟು. ಅಲೆಯುದ್ದ 15 ಮೀಟರಿನ ಹತ್ತಿರ. ಸಣ್ಣ ಡ್ರೈವರ್‌ನಿಂದ ಚೀಲದೊಳಗಿನ ಗಾಳಿಯನ್ನು ಅಲ್ಲಾಡಿಸಿದರೆ ತಗ್ಗು ಸ್ವರದ ನೀರೊಳಗಿನ ಸ್ಪೀಕರ್ ಆಗುತ್ತದೆ. ಏರ್‌ಗನ್ನಿನಂಥ ಏಟು ಬೇಕಿಲ್ಲದ ಕಡೆ ಇದು ಒಳ್ಳೆಯದು. ತಿಮಿಂಗಿಲಗಳು ಇರುವ ನೀರಿನಲ್ಲಿ ಅಂಥ ಏಟು ಹೊಡೆಯುತ್ತಾ ಹೋಗುವುದು ನನಗೆ ಸರಿ ಕಾಣುವುದಿಲ್ಲ, ಇದನ್ನು ನೇರವಾಗಿಯೇ ಹೇಳುತ್ತೇನೆ.

ಕಡಲಗಾಳಿ:

ಒಪ್ಪುತ್ತೇನೆ, ಬಳಸುವವರಿಗೂ ಅದು ಗೊತ್ತು. ಆದರೆ ಕಿಲೋಮೀಟರುಗಟ್ಟಲೆ ಕೆಳಗಿನ ಬಂಡೆ ನೋಡೋಕೆ ಬೇಕಾದ ಶಕ್ತಿ ನಿಮ್ಮ ಚೀಲದಿಂದ ಬರುವುದಿಲ್ಲ. ಉಪಕರಣ ಪರೀಕ್ಷೆಗೆ, ಹತ್ತಿರದ ಅಳತೆಗೆ ಚೀಲ ಸರಿ.

ಸ್ಕ್ಯಾನ್_ಕೋಣೆ:

ಆಸ್ಪತ್ರೆಯ ಕಡೆಯಿಂದ ಒಂದು ಮಾತು. 1968ರಲ್ಲಿ ಗ್ರಾಮಿಯಾಕ್ ಮತ್ತು ಶಾ, ಹೃದಯದ ಹತ್ತಿರ ದ್ರವ ಚುಚ್ಚಿದಾಗ ಅಲ್ಟ್ರಾಸೌಂಡಿನಲ್ಲಿ ಹೊಳಪು ಕಾಣಿಸುವುದನ್ನು ವರದಿ ಮಾಡಿದರು. ಅದಕ್ಕೆ ಕಾರಣ ಸಣ್ಣ ಗುಳ್ಳೆಗಳು. ಈಗ ಬೇಕಂತಲೇ ಗುಳ್ಳೆ ಮಾಡಿ ರಕ್ತಕ್ಕೆ ಬಿಡುತ್ತಾರೆ, ಕೆಲವೇ ಮೈಕ್ರೋಮೀಟರ್ ಗಾತ್ರ, ಕೆಂಪು ರಕ್ತಕಣಕ್ಕಿಂತ ಸಣ್ಣವು, ಕೊಬ್ಬಿನ ತೆಳು ಪೊರೆ, ಒಳಗೆ ಬೇಗ ಕರಗದ ಭಾರದ ಗ್ಯಾಸ್. 2 ಮೈಕ್ರೋಮೀಟರ್ ತ್ರಿಜ್ಯಕ್ಕೆ ಮಿನ್ನಾರ್ಟ್ ಲೆಕ್ಕ 1.6 ಮೆಗಾಹರ್ಟ್ಸ್ ಕೊಡುತ್ತದೆ. ಮೇಲ್ಮೈ ಎಳೆತ, ಪೊರೆಯ ಬಿಗಿ ಸೇರಿ ಇನ್ನೂ ಮೇಲೆ ಹೋಗುತ್ತದೆ. ಸ್ಕ್ಯಾನ್ ಯಂತ್ರ ಕೆಲಸ ಮಾಡುವುದೂ ಅದೇ ವ್ಯಾಪ್ತಿಯಲ್ಲಿ. ರಕ್ತನಾಳದಲ್ಲಿ ಸಲೀಸಾಗಿ ಹೋಗುವ ಗಾತ್ರಕ್ಕೂ ಸ್ಕ್ಯಾನಿನ ಸ್ವರಕ್ಕೂ ಇಷ್ಟು ಹೊಂದಿಕೆ ಆಗಿದ್ದು ದೊಡ್ಡ ಅದೃಷ್ಟ.

ಜೋರಿನ ಬಗ್ಗೆ ನೀವು ಹೇಳುತ್ತಿರುವುದು ಇಲ್ಲಿಯೂ ನಿಜ. ಬರೀ ಹೊಳಪು ನೋಡಿದರೆ ಅಂಗಾಂಶದ ಪ್ರತಿಧ್ವನಿಯ ಜೊತೆ ಬೆರೆತುಹೋಗುತ್ತದೆ. ಅದಕ್ಕೆ ಬೇರೆ ಸ್ವರದಲ್ಲಿ ಕೇಳುತ್ತಾರೆ. ಗುಳ್ಳೆ ಉಬ್ಬುವುದು ಸುಲಭ, ಕುಗ್ಗುವುದು ಕಷ್ಟ, ಹಾಗಾಗಿ ಕಳಿಸಿದ ಸ್ವರದ ಎರಡು ಪಟ್ಟಿನಲ್ಲೂ ಉತ್ತರ ಕೊಡುತ್ತದೆ, ಕೆಲವೊಮ್ಮೆ ಅರ್ಧ ಸ್ವರದಲ್ಲೂ. ಅಂಗಾಂಶ ಆ ಅರ್ಧ ಸ್ವರವನ್ನು ಕೊಡುವುದೇ ಇಲ್ಲ ಅನ್ನಬಹುದು. ಸುತ್ತಲಿನ ಒತ್ತಡ ಹೆಚ್ಚಿದಂತೆ ಈ ಅರ್ಧ ಸ್ವರದ ಜೋರು ಕಮ್ಮಿಯಾಗುತ್ತದೆ, ಅದರಿಂದ ದೇಹದೊಳಗಿನ ರಕ್ತದ ಒತ್ತಡವನ್ನು ಕೊಳವೆ ತೂರಿಸದೆ ಅಂದಾಜು ಮಾಡುವ ಸಂಶೋಧನೆ ನಡೆದಿದೆ. ಸದ್ದು ತುಂಬಾ ಜೋರಾಗಿ ಕಳಿಸಿದರೆ ಗುಳ್ಳೆಗಳೇ ಒಡೆದುಹೋಗುತ್ತವೆ, ಅದೂ ಗಮನದಲ್ಲಿರಬೇಕು.

ತೊಟ್ಟಿಯಾಚೆ:

ಅರ್ಧ ಸ್ವರದ್ದು ಮಾತ್ರ ಜೋರಿನ ಅಳತೆಯೇ ಆಯಿತಲ್ಲ? ಅಂದರೆ ಜೋರನ್ನು ಪೂರ್ತಿ ಬಿಟ್ಟುಬಿಡಿ ಅನ್ನೋಕೆ ಆಗಲ್ಲ.

ಸ್ಕ್ಯಾನ್_ಕೋಣೆ:

ಹೌದು, ಅದಕ್ಕೇ ಅಲ್ಲಿ ಪ್ರತಿ ಸಲವೂ ಗುರುತಿನ ಅಳತೆ ಬೇಕಾಗುತ್ತದೆ. ಜೋರನ್ನು ಬಳಸಬಾರದು ಅಂತಲ್ಲ, ಗೊತ್ತಿರುವ ಇನ್ನೊಂದರ ಜೊತೆ ಹೋಲಿಸದೆ ಬಳಸಬಾರದು.

ಅಲೆಗಾರ:

ಸಮುದ್ರತಳದಿಂದ ಸೋರುವ ಗ್ಯಾಸ್ ಅಳೆಯುವ ಕೆಲಸದಲ್ಲೂ ಇದೇ ಗಂಟು. ಗುಳ್ಳೆಗಳು ಬಿಡಿಬಿಡಿಯಾಗಿ ಬಂದರೆ ಎಣಿಸಬಹುದು, ಒಂದರ ಮೇಲೊಂದು ಬಿದ್ದಾಗ ಒಟ್ಟು ಸದ್ದಿನ ಸ್ಪೆಕ್ಟ್ರಮ್‌ನಿಂದ (ಯಾವ ಸ್ವರ ಎಷ್ಟು ಜೋರು ಅನ್ನುವ ಚಿತ್ರ) ಹಿಂದಕ್ಕೆ ಲೆಕ್ಕ ಹಾಕಬೇಕು. 2012ರಲ್ಲಿ ಲೇಟನ್ ಮತ್ತು ವೈಟ್ ಅದಕ್ಕೊಂದು ದಾರಿ ಹಾಕಿಕೊಟ್ಟರು, ಮೀಥೇನ್ ಸೋರುವ ಕಡೆ, ಸಮುದ್ರತಳದ ಕೆಳಗೆ ಕಾರ್ಬನ್ ಡೈಆಕ್ಸೈಡ್ ಹೂತಿಟ್ಟ ಕಡೆ ಉಪಯೋಗಕ್ಕೆ ಅಂತ. ಅಲ್ಲಿ ಉತ್ತರದ ಮೇಲೆ ದೊಡ್ಡ ನೆರಳು ಹಾಕುವುದು ಒಂದೇ ಸಂಗತಿ: ಹುಟ್ಟುವಾಗ ಗುಳ್ಳೆ ಎಷ್ಟು ಜೋರಾಗಿ ಮೀಟಲ್ಪಡುತ್ತದೆ ಅನ್ನುವುದು. ಸೂಜಿಯಿಂದ ಬಂದದ್ದು ಒಂದು ಥರ, ಮರಳಿನ ಸಂದಿನಿಂದ ಬಂದದ್ದು ಇನ್ನೊಂದು ಥರ. ಸ್ವರ ಮಾತ್ರ ಎರಡರಲ್ಲೂ ಗಾತ್ರವನ್ನೇ ಹೇಳುತ್ತದೆ.

ಮಳೆಯ ವಿಷಯದಲ್ಲೂ ನೋಡಿ. 0.8ರಿಂದ 1.1 ಮಿ.ಮೀ. ವ್ಯಾಸದ ಸಣ್ಣ ಹನಿಗಳು ನೀರೊಳಗೆ ಗುಳ್ಳೆ ಹಿಡಿದುಕೊಂಡು ಹೋಗುತ್ತವೆ, 14-15 ಕಿಲೋಹರ್ಟ್ಸ್‌ನಲ್ಲಿ ಎದ್ದು ಕಾಣುವ ಶಿಖರ ಬರುತ್ತದೆ. ಮಳೆಮಾಪಕ ಇಡೋಕಾಗದ ನಡುಗಡಲಿನಲ್ಲಿ ಹೈಡ್ರೋಫೋನ್ ಇಳಿಸಿ ಮಳೆ ಅಳೆಯುತ್ತಾರೆ.

ಹೊಸ_ಓದುಗಿ:

ಎಲ್ಲ ಓದಿದೆ, ತುಂಬಾ ಖುಷಿಯಾಯಿತು. ಒಂದು ಪ್ರಶ್ನೆ. ಸಮುದ್ರದಲ್ಲಿ ಹುರಿದ ಹಾಗೆ ಚಟಪಟ ಅನ್ನುವ ಸದ್ದು ಕೇಳಿಸುತ್ತದಲ್ಲ, ಅದೂ ಗುಳ್ಳೆಯೇನಾ? ಮತ್ತೆ, ಒಂದರ ಬದಲು ಸಾವಿರ ಗುಳ್ಳೆ ಬಿಟ್ಟರೆ ಸಿಗ್ನಲ್ ಸಾವಿರ ಪಟ್ಟು ಆಗಬೇಕಲ್ಲ?

ನೀರ್ಗಿವಿ:

ಚಟಪಟ ಮಾಡುವುದು ಸ್ನ್ಯಾಪಿಂಗ್ ಸೀಗಡಿ. ಕೊಂಡಿ ಕೊಂಡಿಗೆ ಬಡಿದು ಸದ್ದಾಗುತ್ತದೆ ಅಂದುಕೊಂಡಿದ್ದರು. ಕೊಂಡಿ ಮುಚ್ಚುವಾಗ ಚಿಮ್ಮುವ ನೀರಿನ ವೇಗ ಸೆಕೆಂಡಿಗೆ 25 ಮೀಟರ್ ಮುಟ್ಟುತ್ತದೆ, ಅಲ್ಲಿ ಒತ್ತಡ ಕುಸಿದು ಆವಿಯ ಗುಳ್ಳೆ ಹುಟ್ಟುತ್ತದೆ, ಅದು ಕುಸಿಯುವಾಗ ಸದ್ದು ಬರುತ್ತದೆ ಅಂತ 2000ನೇ ಇಸವಿಯಲ್ಲಿ ವರ್ಸ್‌ಲೂಯಿಸ್ ಮತ್ತು ಜೊತೆಗಾರರು ತೋರಿಸಿದರು. ಸಿಂಗಾಪುರದ ಸಂಶೋಧಕರು ಈ ಚಟಪಟವನ್ನೇ ಬೆಳಕಿನ ಹಾಗೆ ಬಳಸಿ, ತಾವೇನೂ ಸದ್ದು ಮಾಡದೆ, ನೀರೊಳಗಿನ ವಸ್ತುಗಳ ಚಿತ್ರ ತೆಗೆದಿದ್ದಾರೆ.

ಸಾವಿರದ ಲೆಕ್ಕ ಹಾಗೆ ನಡೆಯಲ್ಲ. ಗುಳ್ಳೆಗಳು ಹತ್ತಿರ ಬಂದರೆ ಒಂದರ ಮಿಡಿತ ಇನ್ನೊಂದಕ್ಕೆ ಅಡ್ಡ ಬರುತ್ತದೆ, ಒಟ್ಟಿಗೆ ಮಿಡಿಯುವಾಗ ಸ್ವರ ತಗ್ಗುತ್ತದೆ. ಇನ್ನೂ ದಟ್ಟವಾದರೆ ನೀರೇ ಬೇರೆ ವಸ್ತುವಾಗುತ್ತದೆ. ನೂರಕ್ಕೆ 1 ಪಾಲು ಗಾಳಿ ಬೆರೆತ ನೀರಿನಲ್ಲಿ ತಗ್ಗು ಸ್ವರದ ವೇಗ ಸೆಕೆಂಡಿಗೆ 120 ಮೀಟರಿನಷ್ಟು, ಬರೀ ನೀರಿಗಿಂತ ಮಾತ್ರವಲ್ಲ ಬರೀ ಗಾಳಿಗಿಂತಲೂ ಕಮ್ಮಿ! ನೀರಿನ ಭಾರ, ಗಾಳಿಯ ಮೆತ್ತಗೆ, ಎರಡೂ ಸೇರಿ ಹೀಗಾಗುತ್ತದೆ. ಅಂಥ ಮೋಡದಿಂದ ಸದ್ದು ಹೊರಗೆ ಬರುವುದಕ್ಕಿಂತ ಒಳಗೇ ಸಾಯುವುದು ಹೆಚ್ಚು. ಕಡಲಲ್ಲಿ ಕಂಬ ಹೊಡೆಯುವಾಗ ಸುತ್ತ ಗುಳ್ಳೆಯ ಪರದೆ ಬಿಡುವುದು ಸದ್ದು ತಡೆಯೋಕೆ.

ಹೊಸ_ಓದುಗಿ:

ಹಾಗಾದರೆ ನನ್ನಂಥವರು ಮೊದಲು ಏನು ಮಾಡಿದರೆ ಅಳತೆ ಸರಿಯೋ ಇಲ್ಲವೋ ಗೊತ್ತಾಗುತ್ತದೆ?

ನೀರ್ಗಿವಿ:

ಒಂದೇ ಸೂಜಿ, ನಿಧಾನದ ಗುಳ್ಳೆ. ಅದರ ನೇರ ಮೇಲೆ ನೀರು ತುಂಬಿದ ಅಳತೆ ಜಾಡಿಯನ್ನು ಬೋರಲು ಹಿಡಿಯಿರಿ, ಎಲ್ಲ ಗುಳ್ಳೆಯೂ ಅದರೊಳಗೆ ಸೇರಲಿ. ಹೈಡ್ರೋಫೋನ್ ಸೂಜಿಯಿಂದ ಕೆಲವೇ ಸೆಂ.ಮೀ. ದೂರ, ಜಾಡಿಯ ಬಾಯಿ ಸೂಜಿಯಿಂದ ಆದಷ್ಟು ಮೇಲೆ, ಇಲ್ಲದಿದ್ದರೆ ಅದರ ಗಾಜು ಸ್ವರವನ್ನು ಎಳೆಯುತ್ತದೆ. ಒಂದೊಂದು ಗುಳ್ಳೆಯ ಸ್ವರದಿಂದ ಗಾತ್ರ ತೆಗೆದು ಕೂಡಿಸಿ. ಜಾಡಿಯಲ್ಲಿ ಸೇರಿದ ಗಾಳಿಯನ್ನು, ಒಳಗೆ ಹೊರಗೆ ನೀರಿನ ಮಟ್ಟ ಒಂದೇ ಮಾಡಿಕೊಂಡು, ಓದಿ. ಎರಡಕ್ಕೂ ಇರುವ ವ್ಯತ್ಯಾಸ ನೂರಕ್ಕೆ 10ರೊಳಗೆ ಇದ್ದರೆ ನಿಮ್ಮ ಕಿವಿ ಸರಿ ಇದೆ. ಅದಕ್ಕಿಂತ ಹೆಚ್ಚಿದ್ದರೆ ಆಡಿಯೋವನ್ನು ಇಲ್ಲಿ ಹಾಕಿ, ಎಲ್ಲರೂ ನೋಡೋಣ. ಸ್ಪೆಕ್ಟ್ರಮ್ ಚಿತ್ರ ಬೇಡ, ಫಿಲ್ಟರ್ ಹಾಕದ ಕಚ್ಚಾ ಫೈಲೇ ಹಾಕಿ, ಸೂಜಿಯ ಒಳವ್ಯಾಸ ಮತ್ತು ಆಳ ಮರೆಯದೆ ಬರೆಯಿರಿ.